ಎರಡನೇ ಲಿಫ್ಟಿನ ಅರ್ಜಿ

ಜನವರಿ 11

ಅಕ್ಕಾ,

ನೀನು ತಿದ್ದಿ ಕಳಿಸಿದ ಕಾಗದ ಬಂತು. ಎಂದಿನಂತೆ ನನ್ನ ನೀಲಿಗಿಂತ ನಿನ್ನ ಕೆಂಪೇ ಹೆಚ್ಚಿತ್ತು. ಹತ್ತನೇ ತರಗತಿಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಲವತ್ತಾರನೇ ವಯಸ್ಸಿನಲ್ಲಿ ಅಕ್ಕನ ಕೈಯಲ್ಲಿ ಮೂರನೇ ಸಲ ಡುಮ್ಕಿ ಹೊಡೆಯುತ್ತಿದ್ದೇನೆ. ಇರಲಿ, ಮೇಷ್ಟ್ರು ಮನೆಯವರೇ ಆದ್ದರಿಂದ ಮರ್ಯಾದೆ ಮನೆಯೊಳಗೇ ಉಳಿಯುತ್ತದೆ.

ಹೊರಗೆ ಹೋದದ್ದೂ ಉಂಟು. ಹೋದ ವಾರ ನಾನು ರಿಪೇರಿ ನೋಡಿಕೊಳ್ಳುವ ಆಸ್ಪತ್ರೆಯ ಒಂದನೇ ಲಿಫ್ಟು ಕೆಟ್ಟು ನಿಂತಿತು. ಅವಸರದಲ್ಲಿ ನಾನೇ ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿದೆ: 'ಲಿಫ್ಟ್ ಈಸ್ ನಾಟ್ ಕಮಿಂಗ್ ಟುಡೇ. ಟುಮಾರೋ ಆಲ್ಸೋ ಡೌಟ್.' ನೀನು ತಲೆ ಚಚ್ಚಿಕೊಳ್ಳುತ್ತಿರುವುದು ನನಗಿಲ್ಲಿಂದಲೇ ಕಾಣುತ್ತಿದೆ. ಒಬ್ಬ ಡಾಕ್ಟರು ಓದಿ ನಕ್ಕು ಇನ್ನಿಬ್ಬರನ್ನು ಕರೆದು ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನವನ ಬಾಯಲ್ಲೂ ಅದೇ ಆಗಿತ್ತು: ಇವತ್ತು ಕಾಫಿ ಈಸ್ ನಾಟ್ ಕಮಿಂಗ್.

ಆಫೀಸಿಗೆ ಹೊಸದಾಗಿ ಬಂದಿರುವ ಮೇಡಂ ನನ್ನನ್ನು ಕರೆಸಿದರು. ನನ್ನ ರಟ್ಟು ಅವರ ಮೇಜಿನ ಮೇಲೆ ಮಲಗಿತ್ತು. ಇನ್ನು ಮುಂದೆ ಅವರ ಸಹಿ ಇಲ್ಲದೆ ಯಾವ ಬೋರ್ಡೂ ತೂಗುವ ಹಾಗಿಲ್ಲ, ಯಾವ ರಿಪೇರಿಯ ಮಾತಿದ್ದರೂ ಬಾಯಲ್ಲಿ ಹೇಳುವ ಹಾಗಿಲ್ಲ, ಇಂಗ್ಲಿಷಿನಲ್ಲಿ ಅರ್ಜಿಯಾಗಿ ಬರೆದು ಕೊಡಬೇಕು ಅಂದರು. ಮೇಲಿನವರು ಹತ್ತು ಕಡೆಯವರಂತೆ, ಕಡತವೆಲ್ಲ ಇಂಗ್ಲಿಷಂತೆ. ಹಾಗಾಗಿ ನಿನಗೆ ಇನ್ನು ಕೈತುಂಬ ಕೆಲಸ. ಮೊದಲ ಅರ್ಜಿಯ ಕರಡು ಇದರ ಜೊತೆಗೇ ಇದೆ. ಫೋನಿನಲ್ಲಿ ಹೇಳಿ ಬರೆಸಿಕೊಳ್ಳೋಣ ಅಂದರೆ ನಿನ್ನ ಕಿವಿಗೆ ಅರ್ಧ ಕೇಳುತ್ತದೆ, ಉಳಿದರ್ಧವನ್ನು ನೀನೇ ಕಟ್ಟಿಕೊಂಡು ಜಗಳಕ್ಕೆ ಬರುತ್ತೀಯ. ಅಂಚೆಯೇ ವಾಸಿ.

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲ ಅದನ್ನೂ ಫೈಲಿಗೆ ಹಾಕಿದ್ದೀಯೋ?

ನಿನ್ನ ತಮ್ಮ

*

ಜನವರಿ 17

ತಮ್ಮಾ,

ಲಿಫ್ಟು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅದು ಕೆಲಸ ಮಾಡುತ್ತದೆ ಅಥವಾ ಮಾಡುವುದಿಲ್ಲ. ಮೂವತ್ತೊಂದು ವರ್ಷ ಇದನ್ನೇ ಊರ ಮಕ್ಕಳಿಗೆಲ್ಲ ಹೇಳಿಕೊಟ್ಟೆ. ದೀಪದ ಬುಡದಲ್ಲೇ ಕತ್ತಲು ಅಂತ ಸುಮ್ಮನೆ ಹೇಳಿಲ್ಲ.

ನಿನ್ನ ಅರ್ಜಿಯನ್ನು ತಿದ್ದಿದ್ದೇನೆ. ಒಂದು ಸಾಲು ಬಿಟ್ಟು ಒಂದು ಸಾಲು ಬರೆ ಎಂದು ಎಷ್ಟು ಸಲ ಹೇಳಿದರೂ ಒತ್ತೊತ್ತಾಗಿ ಬರೆಯುತ್ತೀಯ, ನನಗೆ ಪೆನ್ನು ಇಡಲು ಜಾಗವಿರುವುದಿಲ್ಲ. ತಾರೀಖು ಹಾಕುವುದನ್ನು ಮಾತ್ರ ಕಲಿತಿದ್ದೀಯ, ಸಂತೋಷ. ಶುದ್ಧಪ್ರತಿ ಮಾಡಿ ಕೊಟ್ಟ ಮೇಲೆ ಕರಡನ್ನು ನನಗೆ ವಾಪಸು ಕಳಿಸು. ಎಲ್ಲವನ್ನೂ ಫೈಲಿನಲ್ಲಿಡುತ್ತಿದ್ದೇನೆ. ಒಂದೇ ತಪ್ಪನ್ನು ಹದಿನೇಳು ಸಲ ಮಾಡಿದ್ದೀಯ ಎಂದು ಒಂದಿನ ತೋರಿಸಬೇಕಲ್ಲ.

ನಿಮ್ಮ ಮೇಡಂ ಹೇಳಿದ್ದು ಸರಿಯಾಗಿಯೇ ಇದೆ. ಮನುಷ್ಯನನ್ನು ಜನ ಮೊದಲು ಓದುತ್ತಾರೆ, ಆಮೇಲೆ ನೋಡುತ್ತಾರೆ. ಕೆಟ್ಟ ಇಂಗ್ಲಿಷಿನಲ್ಲಿ ಬರೆದ ಸತ್ಯವನ್ನು ಯಾರೂ ನಂಬುವುದಿಲ್ಲ.

ಮೊಣಕಾಲಿನ ಸುದ್ದಿ ಬೇಡ.

ಅಕ್ಕ

*

ಫೆಬ್ರವರಿ 2

ಅಕ್ಕಾ,

ಅರ್ಜಿ ಕೊಟ್ಟೆ, ಒಂದನೇ ಲಿಫ್ಟಿಗೆ ಸಾಮಾನು ಬಂತು, ಈಗ ಓಡುತ್ತಿದೆ. ಕೆಂಪು ಕರಡು ಇದರ ಜೊತೆಗಿದೆ.

ಒಂದು ವಿಷಯ ಕೇಳಬೇಕು, ಸಿಟ್ಟಾಗಬೇಡ. ನಿನ್ನ ಅರ್ಜಿ 'ಐ ಬೆಗ್ ಟು ಸ್ಟೇಟ್' ಎಂದು ಶುರುವಾಗುತ್ತಿತ್ತಲ್ಲ, ಮೇಡಂ ಅದಕ್ಕೆ ಸುತ್ತು ಹಾಕಿ, "ಯಾರ ಹತ್ರ ಭಿಕ್ಷೆ ಬೇಡ್ತಿದ್ದೀರಿ? ಈಗ ಹೀಗೆ ಯಾರೂ ಬರೆಯಲ್ಲ" ಅಂದರು. ಚಿಕ್ಕ ಚಿಕ್ಕ ವಾಕ್ಯ ಬರೆಯಬೇಕಂತೆ. ಅವರು ಸುತ್ತೋಲೆಯಲ್ಲಿ ವಾಕ್ಯವನ್ನು 'ಬಟ್' ಎಂದೇ ಶುರುಮಾಡುತ್ತಾರೆ. ಅದು ತಪ್ಪು ಎಂದು ನೀನು ನನ್ನ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದ ನೆನಪು. ಹಾಗಾದರೆ ಯಾರದು ಸರಿ? ನನಗೆ ಇಬ್ಬರ ಭಯವೂ ಇದೆ.

ನಿನ್ನ ತಮ್ಮ

*

ಫೆಬ್ರವರಿ 8

ತಮ್ಮಾ,

ಭಯಪಡಬೇಕಾದವಳು ಆಕೆ. ವಾಕ್ಯವನ್ನು 'ಬಟ್' ಎಂದು ಶುರುಮಾಡುವವರು ಯಾವ ಆಸ್ಪತ್ರೆಯನ್ನು ನಡೆಸಿಯಾರು? ಎದುರಿಗಿರುವವರು ಏನೂ ಹೇಳದೆ ಇರುವಾಗಲೇ 'ಆದರೆ' ಎಂದು ಬಾಯಿ ಹಾಕುವುದು ಜಗಳಗಂಟಿಯ ಲಕ್ಷಣ. ವಿನಯಕ್ಕೆ ಭಿಕ್ಷೆ ಎನ್ನುವವರಿಗೆ ವಿನಯವೂ ಗೊತ್ತಿಲ್ಲ, ಭಿಕ್ಷೆಯೂ ಗೊತ್ತಿಲ್ಲ.

ಈ ಭಾಷೆಯನ್ನು ನಾನು ಚಿಮಣಿ ಬುಡ್ಡಿಯ ಕೆಳಗೆ ಕಲಿತವಳು. ಅಪ್ಪ ಹೋದ ಮೇಲೆ ನಿನ್ನನ್ನು ಸಾಕಿದ್ದು ಈ ಭಾಷೆಯೇ. ನೀನು ಅವಳ ಮಾತನ್ನು ಹೊತ್ತುಕೊಂಡು ಬಂದು ಯಾರು ಸರಿ ಎಂದು ನನ್ನನ್ನೇ ಕೇಳುತ್ತೀಯಲ್ಲ, ಅದು ನೋವಾಯಿತು. ನೋವಾಯಿತು ಎಂದು ನೇರವಾಗಿಯೇ ಬರೆದಿದ್ದೇನೆ, ಚಿಕ್ಕ ವಾಕ್ಯದಲ್ಲಿ. ಆಕೆಗೆ ತೋರಿಸು.

ಅಕ್ಕ

*

ಫೆಬ್ರವರಿ 12

ಅಕ್ಕಾ,

ಜಗಳ ಆಮೇಲೆ ಆಡೋಣ. ಇದರ ಜೊತೆ ಒಂದು ಕರಡು ಇಟ್ಟಿದ್ದೇನೆ. ಬೇಗ ನೋಡು.

ಎರಡನೇ ಲಿಫ್ಟಿನ ಮೂರನೇ ಮಹಡಿಯ ಬಾಗಿಲು ಹಠ ಹಿಡಿದಿದೆ. ಪೆಟ್ಟಿಗೆ ಬಂದು ನಿಂತರೆ ಮಾತ್ರ ಬಾಗಿಲು ತೆರೆಯಬೇಕು, ಅದಕ್ಕೊಂದು ಬೀಗ ಇರುತ್ತದೆ. ಆ ಬೀಗದ ಕೊಕ್ಕೆ ಸವೆದುಹೋಗಿದೆ. ಪೆಟ್ಟಿಗೆ ಕೆಳಗಿರುವಾಗಲೂ ಕೈಯಿಂದ ಪಕ್ಕಕ್ಕೆ ಎಳೆದರೆ ಬಾಗಿಲು ತೆರೆದುಕೊಳ್ಳುತ್ತದೆ. ಆಚೆ ಬರೀ ಬಾವಿ. ಬೆಳಗ್ಗೆ ಬಂದು ಬಿಗಿ ಮಾಡುತ್ತೇನೆ, ಮಧ್ಯಾಹ್ನಕ್ಕೆ ಮತ್ತೆ ಸಡಿಲ. ಹೊಸ ಕೊಕ್ಕೆ ತರಿಸಬೇಕು, ಅಲ್ಲಿಯವರೆಗೆ ಲಿಫ್ಟು ನಿಲ್ಲಿಸಬೇಕು. ನಾನಾಗಿ ನಿಲ್ಲಿಸುವ ಹಾಗಿಲ್ಲ. ಹೋದ ವರ್ಷ ಹೇಳದೆ ನಿಲ್ಲಿಸಿ, ಆಪರೇಷನ್ನಿಗೆ ಹೋಗುವ ರೋಗಿ ಅರ್ಧ ಗಂಟೆ ಕಾದು, ನನಗೆ ಮೆಮೋ ಬಂದದ್ದು ನಿನಗೆ ಗೊತ್ತೇ ಇದೆ. ಇನ್ನೊಂದು ಮೆಮೋ ಬಂದರೆ ಮನೆಗೆ.

ಕರಡಿನಲ್ಲಿ ನನಗೆ ತೋಚಿದ ಹಾಗೆ ಬರೆದಿದ್ದೇನೆ. ಹಾಗೆಯೇ ಕೊಟ್ಟುಬಿಡೋಣ ಅಂತ ಆಫೀಸಿನ ಬಾಗಿಲವರೆಗೂ ಹೋಗಿದ್ದೆ. ಒಳಗೆ ಮೇಡಂ ನಿನ್ನ ಹಿಂದಿನ ಅರ್ಜಿಯನ್ನು ಗುಮಾಸ್ತರಿಗೆ ಓದಿ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ನಿನ್ನ ಇಂಗ್ಲಿಷಿಗೇ ಈ ಗತಿ, ಇನ್ನು ನನ್ನದಕ್ಕೆ? ವಾಪಸು ಬಂದೆ. ಈ ಸಲ ದಯವಿಟ್ಟು ಅವರು ಬರೆಯುವ ಹಾಗೆ ಬರೆದುಕೊಡು ಅಕ್ಕಾ. ಚಿಕ್ಕದಾಗಿ. ಮರುಟಪಾಲಿನಲ್ಲಿ.

ನಿನ್ನ ತಮ್ಮ

*

ಫೆಬ್ರವರಿ 20

ಅಕ್ಕಾ,

ಕರಡು ಸಿಕ್ಕಿತೇ? ಅಂಚೆಯವನ ದಾರಿಯನ್ನು ದಿನಾ ಕಾಯುತ್ತಿದ್ದೇನೆ. ಅವನು ನನ್ನನ್ನು ಕಂಡರೆ ಈಗ ರಸ್ತೆ ದಾಟಿಬಿಡುತ್ತಾನೆ. ನಿನಗೆ ಮೈಗೆ ಹುಷಾರಿಲ್ಲವೇ? ಒಂದು ಸಾಲು ಬರೆ.

ತಮ್ಮ

*

ಫೆಬ್ರವರಿ 24

ತಮ್ಮಾ,

ಕಣ್ಣಿಗೆ ಔಷಧಿ ಹಾಕಿದ್ದರು, ಒಂದು ವಾರ ಏನನ್ನೂ ಓದಬಾರದೆಂದಿದ್ದರು. ಅದಕ್ಕೆ ತಡ.

ಅರ್ಜಿ ಸಿದ್ಧವಾಗಿದೆ. ಎರಡು ದಿನ ಕೂತು ಮಾಡಿದ್ದೇನೆ. ನೀನು ಚಿಕ್ಕದಾಗಿ ಬೇಕೆಂದಿದ್ದೆ. ಚಿಕ್ಕದಾಗಿ ಬರೆಯಲು ಇದು ತಂತಿಯಲ್ಲ. ನೀನು 'ಸಮ್‌ಬಡಿ ವಿಲ್ ಫಾಲ್ ಅಂಡ್ ಡೈ' ಎಂದು ಬರೆದಿದ್ದೀಯ, 'ಶಟ್ ದಿಸ್ ಲಿಫ್ಟ್ ಟುಡೇ' ಎಂದಿದ್ದೀಯ. ಕಚೇರಿಯ ಕಾಗದದಲ್ಲಿ ಹೀಗೆ ಎದೆ ಬಡಿದುಕೊಳ್ಳಬಾರದು, ಮೇಲಿನವರಿಗೆ ಅಪ್ಪಣೆ ಕೊಡಲೂ ಬಾರದು. ಎರಡನ್ನೂ ಹೊಡೆದುಹಾಕಿದ್ದೇನೆ. ಈಗಿರುವ ಪಾಠವನ್ನು ಗಟ್ಟಿಯಾಗಿ ಓದಿ ನೋಡು, ನಾಲ್ಕು ಸಾಲಿನ ವಾಕ್ಯ ಎಲ್ಲೂ ಎಡವದೆ ಕೊನೆ ಮುಟ್ಟುತ್ತದೆ. ನಿಮ್ಮ ಮೇಡಂ ಇದರಲ್ಲಿ ಒಂದು ಅಲ್ಪವಿರಾಮದ ತಪ್ಪು ಹುಡುಕಿ ತೆಗೆಯಲಿ, ನಾನು ಈ ಪೆನ್ನನ್ನು ಮುರಿದು ಹಾಕುತ್ತೇನೆ. ಅವರು ಓದಿ ಏನೆಂದರು ಎಂದು ತಪ್ಪದೆ ತಿಳಿಸು.

ಅಕ್ಕ

*

ಮಾರ್ಚ್ 9

ಅಕ್ಕಾ,

ನಮ್ಮಲ್ಲಿ ಒಬ್ಬ ಆಯಾ ಇದ್ದಳು. ವಾರ್ಡಿನಿಂದ ವಾರ್ಡಿಗೆ ಬಿಸಿನೀರು ಹೊತ್ತು ಕೊಡುತ್ತಿದ್ದವಳು, ಎಲ್ಲರೂ ಬಿಸಿನೀರಮ್ಮ ಎಂದೇ ಕರೆಯುತ್ತಿದ್ದರು. ಐದನೇ ತಾರೀಖು ಬೆಳಗ್ಗೆ ಮೂರನೇ ಮಹಡಿಯಲ್ಲಿ ಎರಡು ಕೈಯಲ್ಲೂ ಫ್ಲಾಸ್ಕು ಹಿಡಿದು, ಮೊಣಕೈಯಿಂದ ಬಾಗಿಲನ್ನು ಪಕ್ಕಕ್ಕೆ ಸರಿಸಿ, ಹಿಂದಿದ್ದ ನರ್ಸಿನ ಜೊತೆ ಮಾತಾಡುತ್ತಲೇ ಒಳಗೆ ಕಾಲಿಟ್ಟಳು. ಪೆಟ್ಟಿಗೆ ನೆಲಮಹಡಿಯಲ್ಲಿತ್ತು. ಅವಳನ್ನು ಹೊರಗೆ ತೆಗೆದವನು ನಾನು. ಬೇರೆ ಯಾರಿಗೂ ಆ ಗುಂಡಿಗೆ ಇಳಿಯಲು ಬರುವುದಿಲ್ಲ.

ಮೇಡಂ ಏನೆಂದರು ಎಂದು ತಿಳಿಸಲು ನೀನು ಹೇಳಿದ್ದೆ. 28ನೇ ತಾರೀಖು ಅರ್ಜಿ ಕೊಟ್ಟಾಗ ಓದಿ, "ಈ ಸಲ ಇಂಗ್ಲಿಷ್ ತುಂಬಾ ಚೆನ್ನಾಗಿದೆ" ಅಂದರು. ಫೈಲಿಗೆ ಹಾಕಿದರು. ನಾನು ಅಲ್ಲೇ ನಿಂತಿದ್ದೆ. ಇನ್ನೇನಾದರೂ ಹೇಳುತ್ತಾರೆಂದು ಕಾದೆ. "ಇನ್ನೇನು?" ಅಂದರು. ಅರ್ಜಿಯಲ್ಲಿ ಎಲ್ಲಾ ಇದೆಯಲ್ಲ ಎಂದುಕೊಂಡು ಬಂದುಬಿಟ್ಟೆ. ಅದರಲ್ಲಿ ಏನಿದೆ ಎಂದು ನನಗೆ ಪೂರ್ತಿ ಅರ್ಥವಾಗಿರಲಿಲ್ಲ ಅಕ್ಕಾ. ನಿನ್ನ ಮೇಲಿನ ನಂಬಿಕೆಯಿಂದ ನಕಲು ಮಾಡಿ ಕೊಟ್ಟಿದ್ದೆ.

ನಿನ್ನೆ ವಿಚಾರಣಾಧಿಕಾರಿ ಅದನ್ನು ನಮ್ಮ ಮಾತಿಗೆ ತಂದು ಓದಿ ಹೇಳಿದರು. 'ಮೂರನೇ ಮಹಡಿಯ ಬಾಗಿಲಿನ ಬೀಗದ ವರ್ತನೆಯು ಇತ್ತೀಚೆಗೆ ಸಂಪೂರ್ಣ ತೃಪ್ತಿಕರವಾಗಿ ಕಂಡುಬರುತ್ತಿಲ್ಲವೆಂಬ ಅಂಶವನ್ನು ತಮ್ಮ ಅಮೂಲ್ಯ ಗಮನಕ್ಕೆ ತರಲು, ತಮ್ಮ ಬಿಡುವಿಗೆ ಅನುಸಾರವಾಗಿ ಸೂಕ್ತ ಕ್ರಮವನ್ನು ಪರಿಶೀಲಿಸಬೇಕೆಂದು ಕೋರಲು ಅನುಮತಿ ಬೇಡುತ್ತೇನೆ.' ಬಿಡುವಿಗೆ ಅನುಸಾರವಾಗಿ. ಇದರಲ್ಲಿ ಅಪಾಯ ಎನ್ನುವ ಮಾತು ಎಲ್ಲಿದೆ ಎಂದು ಕೇಳಿದರು. ಅಪಾಯದ ಎಚ್ಚರಿಕೆಯೇ ಇರಲಿಲ್ಲವಾದ್ದರಿಂದ ತಪ್ಪು ಅವಳದೇ, ನೋಡದೆ ಕಾಲಿಟ್ಟಳು ಎಂದು ಬರೆಯುತ್ತಾರಂತೆ. ಹಾಗೆ ಬರೆದರೆ ಅವಳ ಗಂಡನಿಗೆ ಆಸ್ಪತ್ರೆಯಿಂದ ಏನೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಸತ್ತವಳ ತಲೆಯ ಮೇಲೆ ಸಾವಿನ ತಪ್ಪನ್ನೂ ಹೊರಿಸಿದ ಹಾಗೆ.

ನನ್ನ ಕರಡು ನಿನ್ನ ಹತ್ತಿರ ಇದೆ. ಎಂದಿನಂತೆ 28ರಂದೇ ವಾಪಸು ಕಳಿಸಿದ್ದೆ. ಅದರಲ್ಲಿ ನನ್ನ ಕೈಯಲ್ಲಿ ತಾರೀಖಿದೆ, ಬಿದ್ದು ಸಾಯುತ್ತಾರೆ ಎಂದಿದೆ. ಅದನ್ನು ಕೂಡಲೇ ಕಳಿಸು.

ತಮ್ಮ

*

ಮಾರ್ಚ್ 15

ತಮ್ಮಾ,

ಸುದ್ದಿ ಓದಿದೆ. ಆಯಸ್ಸು ತೀರಿತ್ತು, ಯಾರೇನು ಮಾಡಲಾದೀತು? ನೀನು ಧೈರ್ಯವಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ಆ ಕರಡು ಸಿಗುತ್ತಿಲ್ಲ. ಕಪಾಟನ್ನು ಎರಡು ಸಲ ಹುಡುಕಿದೆ. ಹಳೇ ಪೇಪರು ಕೊಳ್ಳುವವನು ಬಂದಾಗ ರದ್ದಿಯ ಜೊತೆ ಹೋಯಿತೋ ಏನೋ. ಅಷ್ಟಕ್ಕೂ ಕೆಂಪಿನಲ್ಲಿ ಗೀಚಿದ ಕಾಗದವನ್ನು ವಿಚಾರಣೆಯವರು ಒಪ್ಪುವುದಿಲ್ಲ. ಕೊಟ್ಟ ಅರ್ಜಿಯೇ ದಾಖಲೆ.

ಮತ್ತು ಒಂದು ಮಾತು. ಅರ್ಜಿಯಲ್ಲಿ ವಿಷಯ ಇತ್ತು. ತೃಪ್ತಿಕರವಾಗಿಲ್ಲ ಎಂದರೆ ಏನೆಂದು ಓದು ಬಲ್ಲವರಿಗೆ ತಿಳಿಯಬೇಕಿತ್ತು. ನಿಮ್ಮ ಮೇಡಂಗೆ ತಿಳಿಯದಿದ್ದರೆ ಅದು ಬರೆದವರ ತಪ್ಪಲ್ಲ.

ಅಕ್ಕ

*

ಮಾರ್ಚ್ 22

ಅಕ್ಕಾ,

ನನ್ನ ಹತ್ತನೇ ತರಗತಿಯ ಉತ್ತರಪತ್ರಿಕೆ ಇವತ್ತಿಗೂ ನಿನ್ನ ಟ್ರಂಕಿನಲ್ಲಿದೆ. ಮೂವತ್ತು ವರ್ಷದ ಕಾಗದ ಉಳಿಸಿಕೊಂಡವಳ ಕೈಯಿಂದ ಮೂರು ವಾರದ ಹಿಂದಷ್ಟೇ ಕಳಿಸಿದ ಕಾಗದ ರದ್ದಿಗೆ ಹೋಯಿತೆಂದರೆ ನಂಬುವಷ್ಟು ದಡ್ಡ ನಾನಲ್ಲ. ದಡ್ಡ ಇಂಗ್ಲಿಷಿನಲ್ಲಿ ಮಾತ್ರ.

ಬಿಸಿನೀರಮ್ಮನ ಗಂಡ ಗಡಿಯಾರ ರಿಪೇರಿ ಮಾಡುವವನು. ಅಂಗಡಿ ಮುಚ್ಚಿ ದಿನಾ ಬಂದು ಆಸ್ಪತ್ರೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂರುತ್ತಾನೆ. ಯಾರನ್ನೂ ಏನೂ ಕೇಳುವುದಿಲ್ಲ. ನಾನು ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೇನೆ. ತೀರ್ಮಾನ ಏಪ್ರಿಲ್ ಹನ್ನೆರಡಕ್ಕೆ.

ನೀನು ಹೆದರುತ್ತಿರುವುದು ಯಾಕೆಂದು ನನಗೆ ಗೊತ್ತು. ನಿನ್ನ ಅಕ್ಷರ ಅದರ ಮೇಲಿದೆ. ಮೇಡಂ ನಗುತ್ತಾರೆಂಬ ಭಯಕ್ಕೆ ನಾನು ಒಂದು ಜೀವ ತೆಗೆದೆ. ನೀನೂ ಅದೇ ಭಯಕ್ಕೆ ಸತ್ತವಳ ಹೆಸರು ಕೆಡಿಸುತ್ತೀಯೋ?

ಇಷ್ಟು ದಿನ ನಿನಗೆ ಎದುರಾಡಿದವನಲ್ಲ. ಇದನ್ನು ತಿದ್ದಿ ವಾಪಸು ಕಳಿಸಬೇಡ.

*

ಏಪ್ರಿಲ್ 2

ತಮ್ಮಾ,

ಕರಡು ರದ್ದಿಗೆ ಹೋಗಿರಲಿಲ್ಲ. ಫೈಲಿನಲ್ಲೇ ಇತ್ತು. ಇವತ್ತು ಅದನ್ನು ವಿಚಾರಣಾಧಿಕಾರಿಯ ಹೆಸರಿಗೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಜೊತೆಗೆ, ಈ ಸಾಲುಗಳನ್ನು ಹೊಡೆದವಳು ನಾನು, ನನ್ನ ತಮ್ಮ ಸ್ಪಷ್ಟವಾಗಿ ಬರೆದಿದ್ದ ಎಂದು ಬರೆದು ಸಹಿ ಹಾಕಿದ್ದೇನೆ.

ಇನ್ನೂ ಒಂದನ್ನು ನಿನಗೆ ಹೇಳಬೇಕು. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನಿನ್ನ ಲಕೋಟೆ ಹದಿನೈದನೇ ತಾರೀಖು ಬಂತು. ಒಡೆದು ಪತ್ರವನ್ನು ಅರ್ಧ ಓದಿದೆ. ಗುಮಾಸ್ತರೆಲ್ಲ ನಕ್ಕರು ಎನ್ನುವಲ್ಲಿಗೆ ಬಂದಾಗ ಮುಖಕ್ಕೆ ಉಗಿದ ಹಾಗಾಯಿತು. ಅವಳು ಬರೆಯುವ ಹಾಗೆ ಬರೆದುಕೊಡು ಎಂದಿದ್ದೆಯಲ್ಲ, ಹಾಗಾದರೆ ಅವಳ ಹತ್ತಿರವೇ ಬರೆಸಿಕೋ ಎಂದು ಮೇಜಿನ ಮೇಲೆ ಬಿಸಾಡಿದೆ. ಏಳು ದಿನ ಅದು ಅಲ್ಲೇ ಇತ್ತು. ದಿನಾ ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಂಡೆ. ನೀನು ಇನ್ನೊಂದು ಕಾಗದ ಬರೆಯಲಿ, ಬೇಡಿಕೊಳ್ಳಲಿ ಎಂದು ಕಾದೆ. ನಿನ್ನ ಕಾರ್ಡು ಬಂದ ಮೇಲೆಯೇ ಪೆನ್ನು ತೆಗೆದದ್ದು.

ಆಮೇಲೂ ನಾನು ಬರೆದದ್ದು ಲಿಫ್ಟಿನ ಬಗ್ಗೆ ಅಲ್ಲ. ಆ ಹೆಂಗಸಿಗೆ ಪಾಠ ಕಲಿಸಲು ಬರೆದೆ. ಬಿದ್ದು ಸಾಯುತ್ತಾರೆ ಎಂಬ ಸಾಲಿನ ಪಕ್ಕದಲ್ಲಿ 'ಉತ್ಪ್ರೇಕ್ಷೆ' ಎಂದು ಬರೆದಿದ್ದೇನೆ. ಅದನ್ನು ಅವರೆಲ್ಲ ನೋಡುತ್ತಾರೆ. ನೋಡಲಿ.

ಮೂವತ್ತೊಂದು ವರ್ಷ ಮಕ್ಕಳ ಪುಸ್ತಕ ತಿದ್ದಿದೆ. ಅವರು ಏನು ಬರೆದಿದ್ದರೆಂದು ಒಂದೂ ನೆನಪಿಲ್ಲ, ತಪ್ಪು ಮಾತ್ರ ನೆನಪಿದೆ.

ಊಟ ಮಾಡು.

ಅಕ್ಕ

*

ಏಪ್ರಿಲ್ 14

ಅಕ್ಕಾ,

ನೀನು ಕಳಿಸಿದ್ದು ತಲುಪಿತು. ಮೊನ್ನೆ ಎಲ್ಲರ ಮುಂದೆ ಓದಿದರು. ಬಿಸಿನೀರಮ್ಮನ ಮೇಲಿನ ಮಾತನ್ನು ತೆಗೆದುಹಾಕಿದ್ದಾರೆ. ಅವಳ ಗಂಡನಿಗೆ ಸಿಗಬೇಕಾದ್ದು ಸಿಗುತ್ತದೆ. ಅಷ್ಟನ್ನು ನೀನು ಮಾಡಿದೆ.

ಆದರೆ ಅಧಿಕಾರಿಯ ಕಣ್ಣು ಮೊದಲು ಹೋದದ್ದು ತಾರೀಖಿನ ಮೇಲೆ. ಕರಡು ಬರೆದದ್ದು ಹನ್ನೆರಡಕ್ಕೆ, ಅರ್ಜಿ ಕೊಟ್ಟದ್ದು ಇಪ್ಪತ್ತೆಂಟಕ್ಕೆ. ನಡುವಿನ ಹದಿನಾರು ದಿನ ಏನು ಮಾಡುತ್ತಿದ್ದೆ ಎಂದು ಕೇಳಿದರು. ಇಂಗ್ಲಿಷ್ ತಿದ್ದಿಸುತ್ತಿದ್ದೆ ಅಂದೆ. ಹಿಂದೆ ಯಾರೋ ನಕ್ಕರು. ಮೇಡಂ ನಗಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಮೇಲೆ ಏನೂ ಬರಲಿಲ್ಲ. ಅವರು ಓದಿದ ಅರ್ಜಿಯಲ್ಲಿ ಯಾರೂ ಸಾಯುವುದಿರಲಿಲ್ಲವಲ್ಲ. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಆದೇಶ ಮೂರೇ ಸಾಲು, ನನಗೂ ಒಂದೇ ಓದಿಗೆ ಅರ್ಥವಾಯಿತು. ಇದಕ್ಕೆ ನೀನು ಅಳಬೇಡ, ಸರಿಯಾಗಿಯೇ ತೆಗೆದಿದ್ದಾರೆ.

ಹೊರಗೆ ಬಂದಾಗ ಬಿಸಿನೀರಮ್ಮನ ಗಂಡ ಮೆಟ್ಟಿಲ ಹತ್ತಿರ ನಿಂತಿದ್ದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಮೆತ್ತಗೆ ಕೇಳಿದ: "ಇಂಗ್ಲಿಷ್ ಬೇಕಿದ್ದದ್ದು ಆಫೀಸಿಗಲ್ವಾ ಅಣ್ಣ? ಅವಳಿಗೆ ಬಾಯಲ್ಲೇ ಹೇಳಬಹುದಿತ್ತಲ್ಲ?"

ನಾನು ತಲೆ ತಗ್ಗಿಸಿದೆ. ಹೊಳೆಯಲಿಲ್ಲ ಅಂದೆ. ಸುಳ್ಳು ಹೇಳಿದೆ ಅಕ್ಕಾ.

ಅವಳೇ ಬಂದು ಕೇಳಿದ್ದಳು. ನಿನಗೆ ಕರಡು ಹಾಕಿದ ಮಾರನೆಯ ದಿನ, ಫ್ಲಾಸ್ಕು ಕೆಳಗಿಟ್ಟು ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಣ್ಣ, ಮೂರನೇ ಮಹಡಿ ಬಾಗಿಲು ಯಾಕೋ ಅಲ್ಲಾಡ್ತಿದೆ, ಹೋಗಬಹುದಾ?" ಅಂದಳು. ನಾನು ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ದೊಡ್ಡ ಮನುಷ್ಯನ ಹಾಗೆ, "ಎಲ್ಲಾ ಬರೆದು ಕಳಿಸಿದ್ದೀನಮ್ಮ, ನೀನು ಹೋಗು" ಅಂದೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಬರೆದಾಗಿದೆ ಎಂದರೆ ಆಗಿಹೋಗಿದೆ ಎಂದೇ ಅವಳ ಲೆಕ್ಕ. "ಹಾಗಾದ್ರೆ ಸರಿ ಬಿಡಿ" ಎಂದು ನಕ್ಕು ಫ್ಲಾಸ್ಕು ಎತ್ತಿಕೊಂಡಳು. ಮತ್ತೆ ಯಾವತ್ತೂ ಕೇಳಲಿಲ್ಲ. ದಿನಕ್ಕೆ ಎಂಟು ಸಲ ಅದೇ ಬಾಗಿಲಿನಿಂದ ಓಡಾಡಿದಳು.

ನೀನು ಏಳು ದಿನ ತಡ ಮಾಡಿದೆ, ಮೇಡಂ ಫೈಲಿಗೆ ಹಾಕಿದರು, ಅದೆಲ್ಲ ನಿಜ. ಅವಳಿಗೆ ಹೋಗು ಎಂದವನು ನಾನು. ಇದು ಯಾವ ಕಾಗದದಲ್ಲೂ ಇಲ್ಲ, ಯಾವ ವಿಚಾರಣೆಯಲ್ಲೂ ಬರಲಿಲ್ಲ.

ನಾಳೆ ಅವನ ಅಂಗಡಿ ತೆರೆಯುತ್ತದಂತೆ. ಬೆಳಗ್ಗೆಯೇ ಹೋಗುತ್ತೇನೆ. ಹೇಗೆ ಹೇಳಲಿ ಎಂದು ನಿನ್ನನ್ನು ಕೇಳುತ್ತಿಲ್ಲ.

ತಮ್ಮ